ಅಪ್‌ಡೇಟ್: ಫೋಂಡಾದಲ್ಲಿ ಬೋರ್ಡ್ ಗೇಮ್ ಸಮಾವೇಶ ನಡೆದೇ ಹೋಯಿತು!

ಗೋವಾದ ಫೋಂಡಾದಂಥ ಸಣ್ಣ ಊರಲ್ಲಿ ಬೋರ್ಡ್ ಗೇಮ್ ಸಮಾವೇಶ ಮಾಡಿದರೆ ಜನ ಬರುತ್ತಾರಾ ಅಂತ ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ ಅಲ್ವಾ? ಬಂದರು! ಆರು ಮೇಜು ಸಾಲಲಿಲ್ಲ. ಪ್ರತಿ ಮೇಜಿಗೂ ಆಟ ಹೇಳಿಕೊಡುವವರು ಒಬ್ಬರಿರಲಿ ಅಂತ ಆಗ ನೀವು ಅಂದಿರಲ್ಲ, ಆ ಮಾತೇ ನಮ್ಮನ್ನು ಕಾಪಾಡಿತು.

ಕಟಾನ್ ಅನ್ನೋ ಬೋರ್ಡ್ ಗೇಮ್‌ಗೆ ಮೂರು-ನಾಲ್ಕು ಜನರಷ್ಟೇ ಕೂರಬಹುದು. ಕಾಯುವವರು ಜಾಸ್ತಿಯಾದರು. ಆಗ ನಮ್ಮ ಬಿಲ್ಡಿಂಗ್‌ನ ಮೈಸೂರು ಅಜ್ಜಿ ಸೀಮೆಸುಣ್ಣದಲ್ಲಿ ನೆಲದ ಮೇಲೆ 25 ಮನೆ ಬರೆದು, ಸಂಚಿಯಿಂದ ನಾಲ್ಕು ಕವಡೆ ತೆಗೆದರು. ಚೌಕಾಬಾರ! ಕೊಂಕಣಿ ಹುಡುಗರು ಸುತ್ತ ಕುಕ್ಕರಗಾಲಲ್ಲಿ ಕೂತವರು ಸಂಜೆವರೆಗೂ ಏಳಲಿಲ್ಲ. ನನಗಂತೂ ಕಣ್ಣು ತುಂಬಿತು.

ಮಳೆಗಾಲದ ತೇವಕ್ಕೆ ಕಾರ್ಡ್‌ಗಳು ಮೆತ್ತಗಾಗಿ ಅಂಟಿಕೊಂಡವು. ಅದಕ್ಕೇ ಮುಂದಿನ ಸಮಾವೇಶ ಡಿಸೆಂಬರ್‌ನಲ್ಲಿ. ಅಜ್ಜಿ 14 ಗುಳಿಯ ಅಳಗುಳಿಮನೆ ತರುತ್ತಾರಂತೆ.