ಮತ್ತೆ ಚಿಪ್ ಕೊರತೆ ಅಂತೆ, ಹಳೆ ಕಾರು ಈಗ ಮಾರಬೇಕಾ, ತಡೀಬೇಕಾ?

ಪ್ರಶ್ನೆ (ಬಾಗಲಕೋಟೆ, ನವನಗರ): ನಮಸ್ಕಾರ ರೀ. 2021ರಲ್ಲಿ ಹೊಸ ಕಾರು ಬುಕ್ ಮಾಡಿದ್ದೆ. ಕಾರಿನ ಎಲೆಕ್ಟ್ರಾನಿಕ್ ಭಾಗಗಳಿಗೆ ಬೇಕಾದ ಚಿಪ್ ಬಂದಿಲ್ಲ ಅಂತ ತಿಂಗಳುಗಟ್ಟಲೆ ಕಾಯಿಸಿದರು. ಬ್ಯಾಸತ್ತು ಬುಕಿಂಗ್ ಬಿಟ್ಟು, 3 ವರ್ಷ ಓಡಿದ ಕಾರನ್ನ ಹೆಚ್ಚುಕಡಿಮೆ ಹೊಸದರ ರೇಟಿಗೇ ತಗೊಂಡೆ. ಈಗ ಮಾರೋಣ ಅಂದ್ರೆ ಅದರ ಅರ್ಧ ರೊಕ್ಕಾನೂ ಹೇಳುತ್ತಿಲ್ಲ. ಚಿಪ್ ಕೊರತೆ ಮತ್ತೆ ಬಂದರೆ ರೇಟ್ ಏರುತ್ತಾ?

ಉತ್ತರ (ಬೆಳಗಾವಿ, ಹಳೆ ಕಾರು ವ್ಯಾಪಾರ): ಸರ್, ಆ ಆಸೆಗೆ ಗಾಡಿ ಹಿಡ್ಕೊಂಡು ಕೂರಬೇಡಿ.

ಆಗ ಆಗಿದ್ದು ಇಷ್ಟು. 2020ರ ಲಾಕ್‌ಡೌನ್‌ನಲ್ಲಿ ಕಾರು ಯಾರು ತಗೋತಾರೆ ಅಂತ ಕಂಪನಿಗಳು ಚಿಪ್ ಆರ್ಡರ್ ಕಡಿಮೆ ಮಾಡಿದವು. ಅದೇ ಹೊತ್ತಿಗೆ ಲ್ಯಾಪ್‌ಟಾಪ್, ಮೊಬೈಲ್‌ಗೆ ಬೇಡಿಕೆ ಏರಿ, ಚಿಪ್ ಎಲ್ಲ ಆ ಕಡೆ ಹೋಯಿತು. ಕಾರಿನವರು ವಾಪಸ್ ಬಂದು ಕೇಳಿದಾಗ ಸರದಿಯಲ್ಲಿ ಕೊನೆಗೆ ನಿಲ್ಲಬೇಕಾಯಿತು. ಒಂದು ಚಿಪ್ ತಯಾರಾಗೋಕೆ ತಿಂಗಳುಗಳೇ ಬೇಕು, ಅದರ ಮೇಲೆ 2021ರ ಮಾರ್ಚ್‌ನಲ್ಲಿ ಜಪಾನಿನ ರೆನೆಸಾಸ್ ಅನ್ನೋ ಚಿಪ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬೇರೆ ಬಿತ್ತು. ಆ ಸೆಪ್ಟೆಂಬರ್‌ನಲ್ಲಿ ಮಾರುತಿಯವರು ಮಾಮೂಲಿನ ಶೇ. 40ರಷ್ಟು ಕಾರು ಮಾತ್ರ ಮಾಡ್ತೀವಿ ಅಂದಿದ್ದರು. ಏರ್‌ಬ್ಯಾಗ್‌ದೋ ಎಬಿಎಸ್ ಬ್ರೇಕ್‌ದೋ ಒಂದು ಚಿಪ್ ಇಲ್ಲದಿದ್ದರೂ ಗಾಡಿ ಗೇಟ್ ದಾಟಲ್ಲ. ಸೀಜನ್‌ನಲ್ಲಿ ನಮ್ಮ ಸಕ್ಕರೆ ಕಾರ್ಖಾನೆ ಮುಂದೆ ಕಬ್ಬಿನ ಟ್ರ್ಯಾಕ್ಟರ್ ನಿಂತಂಗೆ ಸಾಲು. ಕಾಯೋಕೆ ಆಗದವರು ನಮ್ಮ ಹತ್ರ ಬಂದರು, ನಾವೂ ರೇಟ್ ಏರಿಸಿದೆವು, ಸುಳ್ಳು ಯಾಕೆ ಹೇಳಲಿ. ನೀವು ಜಾಸ್ತಿ ಕೊಟ್ಟಿದ್ದು ಕಾರಿಗಲ್ಲ, ಕಾಯದೇ ಇದ್ದದ್ದಕ್ಕೆ. ಆ ರೊಕ್ಕ ವಾಪಸ್ ಬರಲ್ಲ.

ಈಗ ಲೆಕ್ಕ ಬೇರೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಹೊಸದೇ ಅಗ್ಗ ಆದಾಗ ಹಳೇದಕ್ಕೆ ಯಾರು ಜಾಸ್ತಿ ಕೊಡ್ತಾರೆ? ಮರುತಿಂಗಳೇ ನೆಕ್ಸ್‌ಪೀರಿಯಾ ಅನ್ನೋ ಚಿಪ್ ಕಂಪನಿ ವಿಚಾರಕ್ಕೆ ನೆದರ್ಲೆಂಡ್ಸ್, ಚೀನಾ ನಡುವೆ ಜಗಳ ಎದ್ದು ಮೆಕ್ಸಿಕೋದಲ್ಲಿ ಹೋಂಡಾ ಕಾರ್ಖಾನೆ ನಿಂತಿತ್ತು, ನಿಜ. ಆದರೆ ಸುದ್ದಿ ನೋಡಿ ರೇಟ್ ಕಟ್ಟಬೇಡಿ. ನಿಮ್ಮ ಮಾಡೆಲ್ ಹೊಸದಕ್ಕೆ ಶೋರೂಮಲ್ಲಿ ಎಷ್ಟು ವಾರ ವೇಟಿಂಗ್ ಇದೆ ಅಂತ ಫೋನ್ ಮಾಡಿ ಕೇಳಿ. ವಾರದಲ್ಲಿ ಕೊಡ್ತೀವಿ ಅಂದ್ರೆ ಇವತ್ತೇ ಮಾರಿ, ಮಾಡೆಲ್ ಒಂದು ವರ್ಷ ಹಳೇದಾದಷ್ಟೂ ರೇಟ್ ಇಳಿಯೋದೇ.

ಇನ್ನೊಬ್ಬರು (ಗೋಕಾಕ): ಅಣ್ಣಾರ, ಕೊಲ್ಲಾಪುರದಲ್ಲಿ ಎಂಎಚ್-09 ಗಾಡಿ ಅಗ್ಗ ಸಿಗ್ತಿದೆ, ತರಲಾ?

ಉತ್ತರ: ಅಲ್ಲಿನ ಆರ್‌ಟಿಓ ಎನ್‌ಓಸಿ (ತಕರಾರಿಲ್ಲ ಅನ್ನೋ ಪತ್ರ), ನಮ್ಮ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್, ಎರಡನ್ನೂ ಸೇರಿಸಿ ನೋಡಿ ತಮ್ಮಾ. ಲೋನ್ ಬಾಕಿ ಇದ್ದರೆ ಮುಟ್ಟಲೇಬೇಡ.