ಪದಚರ್ಚೆ: ಲೀಕ್‌ನ ಬಿಳಿ ಭಾಗ ದಂಟೋ, ದಿಂಡೋ?

ಗೆಳೆಯರೇ,

ಮನೆ ಹಿತ್ತಲಿನ ಮಡಿಯಲ್ಲಿ ಲೀಕ್ (leek, ಈರುಳ್ಳಿ ಬಳಗದ ಒಂದು ತರಕಾರಿ) ಬೆಳೆಯುವ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆಯುತ್ತಿದ್ದೇನೆ. ಯಾವ ತಳಿ ಆರಿಸಬೇಕು, ಹೇಗೆ ನೆಡಬೇಕು, ಯಾವಾಗ ಕೀಳಬೇಕು, ಇಷ್ಟೇ. ಕೈಯಾರೆ ಬೆಳೆದು ನೋಡಿರುವುದರಿಂದ ವಿಷಯಕ್ಕೆ ಕೊರತೆ ಇಲ್ಲ. ತೊಡಕಾಗಿರುವುದು ಪದಗಳು. ನಿಮ್ಮೆಲ್ಲರ ನೆರವು ಬೇಕು.

ಮೊದಲು ಹೆಸರು. ಕನ್ನಡದಲ್ಲಿ ಲೀಕ್ ಅಂದರೆ ಎಲ್ಲರಿಗೂ ತಟ್ಟನೆ ಹೊಳೆಯುವುದು ಸೋರುವುದು. ‘ಇವತ್ತು ಲೀಕ್‌ಗೆ ನೀರು ಬಿಟ್ಟೆ’ ಎಂದು ಅಕ್ಕನಿಗೆ ಮೆಸೇಜ್ ಹಾಕಿದರೆ, ‘ಎಲ್ಲಿ ಸೋರ್ತಿದೆ?’ ಎಂದು ಕೇಳಿದಳು. ಹಾಗಂತ ಈರುಳ್ಳಿ ಸೊಪ್ಪು ಎಂದು ಬರೆಯಲು ಮನಸ್ಸು ಒಪ್ಪುವುದಿಲ್ಲ. ಈರುಳ್ಳಿ ಎಲೆ ಕೊಳವೆಯ ಹಾಗೆ, ಒಳಗೆ ಟೊಳ್ಳು. ಲೀಕ್ ಎಲೆ ಚಪ್ಪಟೆ, ಬೆಳ್ಳುಳ್ಳಿ ಎಲೆಯ ಹಾಗೆ ನಡುವೆ ಮಡಚಿಕೊಂಡಿರುತ್ತದೆ. ಬುಡದಲ್ಲಿ ಈರುಳ್ಳಿಯಂತೆ ದುಂಡನೆ ಗಡ್ಡೆ ಕಟ್ಟುವುದೂ ಇಲ್ಲ.

ನಮ್ಮಲ್ಲಿ ‘ಉಳ್ಳಿ’ ಎಂಬ ಒಳ್ಳೆಯ ಹಳೇ ಪದ ಇದೆ. ಈರುಳ್ಳಿ, ನೀರುಳ್ಳಿ, ಉಳ್ಳಾಗಡ್ಡಿ ಎಲ್ಲದರಲ್ಲೂ ಅದೇ ಕೂತಿದೆ. ತೆಲುಗಿನ ಉಲ್ಲಿ, ಮಲಯಾಳದ ಉಳ್ಳಿ ಇದರ ಒಡಹುಟ್ಟುಗಳು. ಬಿಳಿ ಎನ್ನುವ ‘ಬೆಳ್’ ಸೇರಿ ಬೆಳ್ಳುಳ್ಳಿ ಆದ ಹಾಗೆ ಲೀಕ್‌ಗೂ ಒಂದು ಹೆಸರು ಕಟ್ಟಬಹುದಲ್ವಾ? ‘ದಂಟುಳ್ಳಿ’ ಎಂದು ಒಂದು ಕಡೆ ಬರೆದುಕೊಂಡೆ. ಕೇಳಲು ಚೆನ್ನಾಗಿದೆ. ಆದರೆ ಅಲ್ಲಿಂದಲೇ ನನ್ನ ನಿಜವಾದ ಪ್ರಶ್ನೆ ಹುಟ್ಟಿತು.

ಲೀಕ್‌ನಲ್ಲಿ ನಾವು ತಿನ್ನುವ ಆ ಬಿಳಿ ಕೋಲಿನಂಥ ಭಾಗ ದಂಟೇ ಅಲ್ಲ. ಅಡ್ಡಕ್ಕೆ ಕತ್ತರಿಸಿ ನೋಡಿ. ಒಂದರೊಳಗೊಂದು ಬಳೆ ಇಟ್ಟ ಹಾಗೆ ಸುತ್ತುಗಳು. ಒಂದೊಂದು ಸುತ್ತೂ ಒಂದೊಂದು ಎಲೆಯ ಬುಡ. ನಿಜವಾದ ಕಾಂಡ ತೀರಾ ಕೆಳಗೆ, ಬೇರು ಹೊರಡುವ ಕಡೆ ಬಿಲ್ಲೆಯಷ್ಟು ಮಾತ್ರ ಇರುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಬಾಳೆ ನೆನಪಾಗುತ್ತದೆ. ಬಾಳೆಯದೂ ಇದೇ ಕಟ್ಟಡ. ಹೊರಗಿನಿಂದ ಕಂಬದ ಹಾಗೆ ಕಾಣುತ್ತದೆ, ಬಿಚ್ಚಿದರೆ ಬರೀ ಪಟ್ಟೆ. ಹಾಗಾಗಿ ಲೀಕ್‌ನ ಸುತ್ತುಗಳಿಗೆ ‘ಪಟ್ಟೆ’ ಎಂದೇ ಬರೆಯುತ್ತಿದ್ದೇನೆ. ‘ಹೊರಗಿನ ಎರಡು ಪಟ್ಟೆ ಬಿಡಿಸಿ ತೊಳೆಯಿರಿ’ ಎಂದರೆ ಬಾಳೆ ಕಂಡ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಕೆಲವರು ಇಡೀ ಬಿಳಿ ಭಾಗಕ್ಕೆ ‘ದಿಂಡು’ ಎಂದರು. ನಾನು ಒಪ್ಪಲಿಲ್ಲ. ಬಾಳೆಯಲ್ಲಿ ಪಲ್ಯಕ್ಕೆ ತೆಗೆಯುವ ದಿಂಡು ಪಟ್ಟೆಗಳ ಒಳಗೆ, ನಟ್ಟನಡುವೆ ಇರುವಂಥದ್ದು. ಗೊನೆ ಹೊತ್ತು ಮೇಲೆ ಬರುವ ದಂಡ ಅದು. ಇನ್ನೂ ಹೂ ಬಿಡುವ ಹೊತ್ತಾಗದ ಲೀಕ್‌ನಲ್ಲಿ ಅಂಥದ್ದು ಇರುವುದೇ ಇಲ್ಲ.

ಹೋದ ಸಲ ನನ್ನ ಮಡಿಯಲ್ಲಿ ಐದಾರು ಗಿಡ ಹಾಗೇ ಉಳಿದುಬಿಟ್ಟಿದ್ದವು. ಚಳಿ ಕಳೆದು ಹಗಲು ಉದ್ದವಾಗುತ್ತಿದ್ದ ಹಾಗೆ ನಡುವಿನಿಂದ ಒಂದು ಗಟ್ಟಿ ಕೋಲು ಎದ್ದಿತು, ತುದಿಯಲ್ಲಿ ಚೂಪಾದ ಮೊಗ್ಗು. ಒಂದನ್ನು ಕಿತ್ತು ಉದ್ದಕ್ಕೆ ಸೀಳಿದೆ. ಹೊರಗಿನ ಪಟ್ಟೆಗಳು ಮೆತ್ತಗೇ ಇದ್ದವು. ನಡುವಿನದ್ದಕ್ಕೆ ಮಾತ್ರ ಚಾಕು ಸಲೀಸಾಗಿ ಇಳಿಯಲಿಲ್ಲ. ಅದು ದಿಂಡು! ಬಾಳೆಯಲ್ಲಿ ಯಾವ ಜಾಗದಲ್ಲಿ, ಯಾವ ಕೆಲಸಕ್ಕೆ ದಿಂಡು ಇದೆಯೋ ಇಲ್ಲೂ ಅದೇ. ಒಂದೇ ವ್ಯತ್ಯಾಸ, ಬಾಳೆಯದನ್ನು ತಿನ್ನುತ್ತೇವೆ, ಲೀಕ್‌ನದ್ದು ನಾರು, ಎಸೆಯಬೇಕು. ಹೀಗಾಗಿ ಅವಧಿ ಮೀರಿದ ಗಿಡಕ್ಕೆ ‘ದಿಂಡು ಬಂತು’ ಅಥವಾ ‘ದಿಂಡೆದ್ದಿತು’ ಎನ್ನಬೇಕು ಎಂಬುದು ನನ್ನ ಸಲಹೆ. ‘ಹೂದಂಟು ಬಂತು’ ಎನ್ನುವ ಹೊತ್ತಿಗೆ ತಡವಾಗಿರುತ್ತದೆ. ದಂಟು ಹೊರಗೆ ಕಾಣುವ ಮೊದಲೇ ಒಳಗೆ ದಿಂಡು ಗಟ್ಟಿಯಾಗಿರುತ್ತದೆ. ಕೀಳುವವರಿಗೆ ತಿಳಿಯಬೇಕಾದ್ದು ಅದೇ.

ಇನ್ನೊಂದು ಪದ ಬಿಳಿ ಮಾಡುವ ಕೆಲಸದ್ದು. ಇಂಗ್ಲಿಷಿನಲ್ಲಿ ಬ್ಲಾಂಚಿಂಗ್ ಎನ್ನುತ್ತಾರೆ. ಅಡುಗೆಮನೆಯಲ್ಲಿ ಅದೇ ಪದಕ್ಕೆ ಕುದಿನೀರಲ್ಲಿ ಅದ್ದಿ ತೆಗೆಯುವುದು ಎಂಬ ಅರ್ಥ. ಸುಮ್ನೆ ಅದನ್ನೇ ಎತ್ತಿ ಬರೆದರೆ ಓದಿದವರು ದಾರಿ ತಪ್ಪುತ್ತಾರೆ. ‘ಬಿಳಿಚಿಸು’ ಎಂದರೆ ಹೆದರಿದ ಮುಖ ನೆನಪಾಗುತ್ತದೆ. ಮಾಡುವ ಕೆಲಸವನ್ನೇ ಹೇಳಿದರೆ ಸಾಕು ಅನಿಸಿತು: ‘ಮಣ್ಣು ಏರಿಸುವುದು’. ಬೆಳಕು ತಾಗದ ಕಡೆ ಪಟ್ಟೆ ಹಸಿರಾಗುವುದಿಲ್ಲ, ಅಷ್ಟೇ ಗುಟ್ಟು. ಎಲೆ ಕವಲೊಡೆಯುವ ಜಾಗದ ಕೆಳಗೇ ಮಣ್ಣು ನಿಲ್ಲಿಸಬೇಕು. ಸುಳಿಗೆ ಬಿದ್ದರೆ ಆ ಮಣ್ಣು ಪಟ್ಟೆಗಳ ನಡುವೆ ಇಳಿದು ಕೂರುತ್ತದೆ, ಎಷ್ಟು ತೊಳೆದರೂ ಹಲ್ಲಿಗೆ ಮರಳು ಸಿಗುತ್ತದೆ. ‘ಸುಳಿ’ ಪದವನ್ನೂ ಬಾಳೆಯಿಂದಲೇ ತಂದಿದ್ದೇನೆ.

ನೆಡುವುದಕ್ಕೂ ಒಂದು ಕ್ರಿಯಾಪದ ಬೇಕಾಗಿದೆ. ಸಸಿ ಪೆನ್ಸಿಲ್ ದಪ್ಪಕ್ಕೆ ಬಂದಾಗ ಗೂಟದಿಂದ ಸುಮಾರು 15 ಸೆಂ.ಮೀ. ಆಳದ ಗುಳಿ ಮಾಡಿ, ಸಸಿಯನ್ನು ಅದರೊಳಗೆ ಬಿಡುತ್ತೇವೆ. ಮಣ್ಣು ಮುಚ್ಚುವುದಿಲ್ಲ, ಒತ್ತುವುದೂ ಇಲ್ಲ. ನೀರು ಹೊಯ್ದರೆ ಅದೇ ಒಂದಿಷ್ಟು ಮಣ್ಣನ್ನು ಬೇರಿನ ಮೇಲೆ ಎಳೆದು ತರುತ್ತದೆ. ಮಿಕ್ಕ ಗುಳಿ ದಿನ ಕಳೆದಂತೆ ತಾನೇ ತುಂಬುತ್ತದೆ. ಊರುವುದು ಎಂದರೆ ಒತ್ತಿದ ಹಾಗಾಯಿತು. ನೆಡುವುದು ಎಂದರೆ ಬುಡ ಅದುಮುವ ರೂಢಿ ಕೈಗೆ ಬಂದುಬಿಡುತ್ತದೆ. ‘ಇಳಿಬಿಡುವುದು’ ಎಂದು ಬರೆದಿದ್ದೇನೆ.

ತಳಿಗಳ ಹೆಸರನ್ನು ಮುಟ್ಟಿಲ್ಲ, ಕಿಂಗ್ ರಿಚರ್ಡ್, ಮಸಲ್‌ಬರ್ಗ್ ಎಂದೇ ಇರಲಿ. ಅವುಗಳ ಗುಣಕ್ಕೆ ಮಾತ್ರ ಕನ್ನಡ ಬೇಕು. ಕಿಂಗ್ ರಿಚರ್ಡ್ ಬೇಗ ಬರುವ ತಳಿ. ಸಸಿ ಇಳಿಬಿಟ್ಟು 75 ದಿನದ ಆಸುಪಾಸಿಗೆ ಕೀಳಬಹುದು. ಸಪೂರ, ಉದ್ದ, ಎಲೆ ತಿಳಿಹಸಿರು, ಕಡುಚಳಿ ತಡೆಯುವುದಿಲ್ಲ. ಮಸಲ್‌ಬರ್ಗ್ ಸ್ಕಾಟ್ಲೆಂಡಿನ ಹಳೇ ತಳಿ. ನಿಧಾನ, ಗಿಡ್ಡ, ದಪ್ಪ, ಚಳಿಗೆ ಜಗ್ಗುವುದಿಲ್ಲ. ಫ್ರಾನ್ಸಿನ ಬ್ಲೂ ದ ಸೊಲೈಸ್ ಎಲೆಗೆ ‘ನೀಲಿ’ ಎನ್ನುತ್ತಾರೆ. ನನ್ನ ಕಣ್ಣಿಗೆ ಅದು ಬೂದಿ ಸವರಿದ ಹಸಿರು, ಚಳಿ ಜಾಸ್ತಿಯಾದರೆ ನೇರಳೆಗೆ ತಿರುಗುತ್ತದೆ. ‘ಬೂದುಹಸಿರು’ ಎಂದಿದ್ದೇನೆ.

ನಿಮ್ಮನ್ನು ಕೇಳುವುದು ಇಷ್ಟು. ಈರುಳ್ಳಿಯಲ್ಲೋ ಬೆಳ್ಳುಳ್ಳಿಯಲ್ಲೋ ನಡುವೆ ಏಳುವ ಹೂಕೋಲಿಗೆ ನಿಮ್ಮ ಮನೆಮಾತಿನಲ್ಲಿ ಏನನ್ನುತ್ತೀರಿ? ಯಾರಾದರೂ ಅದನ್ನು ದಿಂಡು ಎಂದದ್ದು ಕೇಳಿದ್ದೀರಾ? ಮತ್ತೆ, ದಂಟಲ್ಲದ್ದಕ್ಕೆ ದಂಟುಳ್ಳಿ ಎನ್ನುವ ಬದಲು ‘ಪಟ್ಟೆಯುಳ್ಳಿ’ ಎಂದರೆ ನಿಮ್ಮ ಕಿವಿಗೆ ಒಗ್ಗುತ್ತದಾ, ಅಥವಾ ಪಟ್ಟೆ ಎಂದ ಕೂಡಲೇ ಹುಲಿಯ ಮೈಮೇಲಿನ ಗೆರೆ ಕಣ್ಣಿಗೆ ಬರುತ್ತದಾ?