ಪದಚರ್ಚೆ: ‘ಅಸಿಂಕ್ರೊನಸ್ ಎರರ್’ಗೆ ‘ಅಸಮಕಾಲಿಕ ದೋಷ’ ಸರಿಹೋಗುವುದೇ?

ಮಾನ್ಯರೆ,

ಗಣಕದ ತೆರೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಎಕ್ಸ್ ವಿಂಡೋ ವ್ಯವಸ್ಥೆಯ ಪ್ರೋಗ್ರಾಮಿಂಗ್ ಕುರಿತು ಕನ್ನಡದಲ್ಲಿ ಪಾಠವೊಂದನ್ನು ಬರೆಯುತ್ತಿರುವ ನಾನು ‘ಅಸಿಂಕ್ರೊನಸ್ ಎರರ್’ ಎಂಬಲ್ಲಿ ಬಂದು ನಿಂತಿದ್ದೇನೆ. ‘ಅಸಮಕಾಲಿಕ ದೋಷ’ ಎಂದು ಬರೆದು ಮುಂದೆ ಹೋಗಬಹುದಿತ್ತು. ಆದರೆ ಅದನ್ನು ಓದಿದವರಿಗೆ ‘ಸಮಕಾಲೀನ’ವೇ ಮೊದಲು ನೆನಪಾಗಿ, ಯಾವುದೋ ಬೇರೆ ಕಾಲಕ್ಕೆ ಸೇರಿದ ದೋಷವೆಂಬ ಅರ್ಥ ಹೊಳೆಯುತ್ತದೆ.

ಸಂದರ್ಭ ಹೀಗಿದೆ. 1987ರಲ್ಲಿ ಹೊರಬಂದ ಎಕ್ಸ್‌ನ 11ನೇ ಆವೃತ್ತಿಯಲ್ಲಿ ನಮ್ಮ ಪ್ರೋಗ್ರಾಮ್ ಒಂದು ಪ್ರಕ್ರಿಯೆ, ತೆರೆಯ ಮೇಲೆ ಚಿತ್ರಿಸುವ ಸರ್ವರ್ ಮತ್ತೊಂದು. ಕಿಟಕಿಯೊಂದನ್ನು ತೋರಿಸೆಂದು ಎಕ್ಸ್‌ಲಿಬ್ ಎಂಬ ಲೈಬ್ರರಿಯ ಫಂಕ್ಷನ್ ಮೂಲಕ ಕೇಳಿದರೆ, ಕೋರಿಕೆ ಬಫರ್‌ಗೆ (ಕಳುಹಿಸುವ ಮುನ್ನ ಕೂಡಿಡುವ ಜಾಗಕ್ಕೆ) ಸೇರಿದೊಡನೆಯೇ ಆ ಫಂಕ್ಷನ್ ಮುಗಿದುಬಿಡುತ್ತದೆ. ಸರ್ವರ್ ಅದನ್ನು ಇನ್ನೂ ನೋಡಿಯೇ ಇರುವುದಿಲ್ಲ. ಅಂಥ ಕಿಟಕಿಯೇ ಇಲ್ಲದಿದ್ದಲ್ಲಿ, ‘ಬ್ಯಾಡ್‌ವಿಂಡೋ’ ಎಂಬ 32 ಬೈಟಿನ ದೋಷಸಂದೇಶ ಬಂದು ಮುಟ್ಟುವ ಹೊತ್ತಿಗೆ ಪ್ರೋಗ್ರಾಮ್ ಹತ್ತಾರು ಸಾಲು ಮುಂದೆ ಸಾಗಿರಬಹುದು. ಅದು ಯಾವ ಕೋರಿಕೆಗೆ ಬಂದ ಉತ್ತರವೆಂದು ಗುರುತಿಸಲು ಸಂದೇಶದೊಳಗಿನ ಕ್ರಮಸಂಖ್ಯೆಯನ್ನು ನೋಡಬೇಕು. ದೋಷ ಬಂದಾಗ ನಡೆಯಬೇಕಾದ ಬೇರೆ ಫಂಕ್ಷನ್ (ಹ್ಯಾಂಡ್ಲರ್) ನಾವು ಒದಗಿಸದಿದ್ದರೆ ಎಕ್ಸ್‌ಲಿಬ್ ಸಂದೇಶವನ್ನು ಮುದ್ರಿಸಿ ಪ್ರೋಗ್ರಾಮನ್ನೇ ನಿಲ್ಲಿಸಿಬಿಡುತ್ತದೆ, ಮತ್ತು ಆಗ ತಪ್ಪು ಹುಡುಕುವ ಸಾಧನವಾದ ಡಿಬಗ್ಗರ್ ತೋರಿಸುವ ಸಾಲು ಬಹುಮಟ್ಟಿಗೆ ನಿರಪರಾಧಿಯಾಗಿರುತ್ತದೆ. ಎಂದೋ ಅಂಚೆಗೆ ಹಾಕಿದ ಕಾಗದ ‘ವಿಳಾಸದಾರರು ಇಲ್ಲ’ ಎಂಬ ಷರಾ ಹೊತ್ತು ಮನೆಗೆ ಮರಳಿದ ಹಾಗೆ.

ನನ್ನ ತೊಡಕು ಇಲ್ಲಿದೆ: ಇಂಗ್ಲಿಷಿನ ‘ಅಸಿಂಕ್ರೊನಸ್’ ಎಂಬ ಒಂದೇ ವಿಶೇಷಣ ಫಂಕ್ಷನ್ನಿನ ಕರೆಗೂ ದೋಷಕ್ಕೂ ಅಂಟಿಕೊಂಡಿದೆ, ಆದರೆ ಅವೆರಡರ ಗುಣ ಒಂದೇ ಅಲ್ಲ. ಎಕ್ಸ್‌ಸಿಬಿ ಎಂಬ ಇನ್ನೊಂದು ಲೈಬ್ರರಿಯಲ್ಲಿ ‘ಚೆಕ್ಡ್’ ಬಗೆಯ ಕರೆಗಳಿವೆ. ಅವು ಕೂಡ ಉತ್ತರಕ್ಕಾಗಿ ಕಾಯುವುದಿಲ್ಲ, ಆದರೂ ಕರೆ ಕೊಟ್ಟ ಕುಕಿಯನ್ನು (ಆ ಕರೆಯ ಗುರುತುಚೀಟಿಯನ್ನು) ಹಿಡಿದು ವಿಚಾರಿಸಿದರೆ ಆ ಕರೆಯ ದೋಷವೇ ಕೈಗೆ ಸಿಗುತ್ತದೆ. ಅಂದರೆ ಕರೆ ಕಾಯದೆ ಹೋದರೂ ದೋಷ ತನ್ನ ಕರೆಯಿಂದ ಬೇರ್ಪಡಬೇಕೆಂದಿಲ್ಲ. ‘ಅಸಮಕಾಲಿಕ’ ಎಂದು ಎರಡಕ್ಕೂ ಹಚ್ಚಿದರೆ ಈ ವ್ಯತ್ಯಾಸವನ್ನು ವಿವರಿಸುವುದೇ ಕಷ್ಟವಾಗುತ್ತದೆ.

ಆದ್ದರಿಂದ ಎರಡು ಪದ ಬೇಕೆಂಬುದು ನನ್ನ ಅಭಿಪ್ರಾಯ. ಕರೆಗೆ ಮೊದಲು ‘ಕಾಯದ ಕರೆ’ ಎಂದು ಬರೆದೆ. ಗೆಳೆಯರೊಬ್ಬರು ಅದನ್ನು ದೇಹದ ಕರೆ ಎಂದು ಓದಿ ನಕ್ಕರು, ಹಾಗಾಗಿ ‘ಕಾದು ನಿಲ್ಲದ ಕರೆ’ ಎಂದು ತಿದ್ದಿದ್ದೇನೆ. ದೋಷಕ್ಕೆ ‘ತಡವಾದ’ ಎಂಬುದು ಒಪ್ಪುವುದಿಲ್ಲ, ಏಕೆಂದರೆ ತಡವಾದದ್ದಕ್ಕಿಂತ ಕರೆಯ ನಂಟು ತಪ್ಪಿದ್ದೇ ಇಲ್ಲಿ ಮುಖ್ಯ. ಕಾಗದದ ಹೋಲಿಕೆಯನ್ನು ನೆನೆದು ‘ಹಿಂಬರುವ ದೋಷ’ ಎನ್ನೋಣವೆಂದಿದ್ದೇನೆ.

‘ಹಿಂಬರುವ’ ಎಂಬುದನ್ನು ನೀವು ‘ಮರಳಿ ಬರುವ’ ಎಂದು ಓದುವಿರೋ, ‘ಬೆನ್ನ ಹಿಂದೆ ಬರುವ’ ಎಂದೋ? ‘ಎರರ್ ಹ್ಯಾಂಡ್ಲಿಂಗ್’ಗೆ ಬಳಸುವ ‘ದೋಷ ನಿರ್ವಹಣೆ’ಯೂ ದೋಷವನ್ನು ಜೋಪಾನ ಮಾಡಿದಂತೆ ಕೇಳಿಸುತ್ತದೆ, ಅದಕ್ಕೆ ಬದಲಿ ಪದ ಯಾರಾದರೂ ಬಳಸಿದ್ದರೆ ತಿಳಿಸಬೇಕಾಗಿ ವಿನಂತಿ.